ತೋಟಕ್ಕೊಂದು ಶೆಡ್: ಹೆಂಚೋ, ಶೀಟೋ, ಸೋಗೆಯೋ, ಕಂಟೇನರೋ?

ಜನವರಿ ಕಳೆಯುತ್ತಾ ಬಂದಂತೆ ಹಾಸನ, ಚಿಕ್ಕಮಗಳೂರು ಕಡೆಯ ತೋಟಗಳಲ್ಲಿ ಶೆಡ್ಡಿನ ಮಾತು ಶುರುವಾಗುತ್ತದೆ. ಅರೇಬಿಕಾ ಕೊಯ್ಲು ಮುಗಿದಿರುತ್ತದೆ. ಕೈಯಲ್ಲಿ ಸ್ವಲ್ಪ ದುಡ್ಡು ಆಡುತ್ತಿರುತ್ತದೆ. ಮಳೆಗಾಲಕ್ಕೆ ಇನ್ನೂ ನಾಲ್ಕು ತಿಂಗಳಿರುತ್ತದೆ. ಮೇಸ್ತ್ರಿ ಬಂದವನೇ ಕೇಳುವುದು, ‘ಹೆಂಚು ಹಾಕೋದಾ ಸಾರ್, ಶೀಟಾ?’

ಈ ಪ್ರಶ್ನೆಗೆ ಉತ್ತರ ಹೇಳುವ ಮುಂಚೆ ನೀವೇ ಕೇಳಿಕೊಳ್ಳಬೇಕಾದ ಮಾತು ಒಂದಿದೆ. ಒಳಗೆ ಏನಿಡುತ್ತೀರಿ, ಯಾರು ಕೂರುತ್ತಾರೆ? ಅದು ಗೊತ್ತಾದರೆ ಮಾಡು, ಗೋಡೆ, ಬಾಗಿಲು ಎಲ್ಲವೂ ತಾನಾಗಿ ತೀರ್ಮಾನ ಆಗುತ್ತವೆ. ಅದನ್ನು ಬಿಟ್ಟು ಪಕ್ಕದ ತೋಟದವರು ಹಾಕಿಸಿದ್ದನ್ನೇ ನೋಡಿ ಹಾಕಿಸಿದರೆ ಎರಡನೇ ವರ್ಷಕ್ಕೆ ಇನ್ನೊಂದು ಶೆಡ್ ಬೇಕು ಅನ್ನಿಸುತ್ತದೆ. ಸುತ್ತಮುತ್ತ ಇದನ್ನು ಬೇಕಾದಷ್ಟು ನೋಡಿದ್ದೇನೆ. ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಇನ್ನೊಂದು ವಿಷಯ. ನಮ್ಮ ಎರಡೂ ಜಿಲ್ಲೆಗಳಲ್ಲಿ ಅರ್ಧ ಮಲೆನಾಡು, ಅರ್ಧ ಬಯಲುಸೀಮೆ. ಸಕಲೇಶಪುರ, ಮೂಡಿಗೆರೆ, ಕಳಸ, ಶೃಂಗೇರಿ, ಕೊಪ್ಪದಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆ ಒಣಗುವುದಿಲ್ಲ. ಅರಸೀಕೆರೆ, ಚನ್ನರಾಯಪಟ್ಟಣ, ಕಡೂರು ಕಡೆ ಅದೇ ತಿಂಗಳಲ್ಲಿ ಮೋಡ ನೋಡುತ್ತಾ ಕೂತಿರುತ್ತಾರೆ. ಸಕಲೇಶಪುರಕ್ಕೆ ಒಪ್ಪುವ ಶೆಡ್ ಅರಸೀಕೆರೆಗೆ ದಂಡದ ಖರ್ಚು. ಅರಸೀಕೆರೆಯ ಶೆಡ್ ಸಕಲೇಶಪುರದಲ್ಲಿ ಎರಡು ಮಳೆಗಾಲ ಕಂಡರೆ ಹೆಚ್ಚು.

ಮೊದಲು ಒಳಗಿನ ಸಾಮಾನು

ಒಂದು ಸಾಧಾರಣ ಕಾಫಿ ತೋಟದ ಶೆಡ್ಡಿನಲ್ಲಿ ಏನೇನಿರುತ್ತದೆ ನೋಡಿ. ಗುದ್ದಲಿ, ಹಾರೆ, ಕತ್ತಿ, ದೋಟಿ. ಮೆಣಸು ಕೊಯ್ಯುವ ಏಣಿ. ಹುಲ್ಲು ಹೊಡೆಯುವ ಮಷಿನ್, ಅದಕ್ಕೆ ಪೆಟ್ರೋಲ್ ಕ್ಯಾನು. ಸ್ಪ್ರೇಯರ್, ಡ್ರಮ್ಮು, ಮೈಲುತುತ್ತ, ಸುಣ್ಣ. ಯೂರಿಯಾ, ಪೊಟ್ಯಾಷ್ ಮೂಟೆಗಳು. ಟಾರ್ಪಾಲು, ಗೋಣಿಚೀಲ. ಸ್ಪ್ರಿಂಕ್ಲರ್ ಪೈಪು. ಕೊಯ್ಲಿನ ಕಾಲದಲ್ಲಿ ಇದೇ ಶೆಡ್ಡಿನ ಮೂಲೆಯಲ್ಲಿ ಕಾಫಿ ಮೂಟೆ, ಕಾಳುಮೆಣಸು.

ಇವೆಲ್ಲ ಒಂದೇ ಕೋಣೆಯಲ್ಲಿ ಇರಬಾರದು. ಕಾಫಿ ಬೀಜ ಸುತ್ತಲಿನ ವಾಸನೆಯನ್ನೂ ತೇವವನ್ನೂ ಎಳೆದುಕೊಳ್ಳುತ್ತದೆ. ಪಾರ್ಚ್‌ಮೆಂಟನ್ನು, ಅಂದರೆ ಹಣ್ಣಿನ ಸಿಪ್ಪೆ ತೆಗೆದು ತೊಳೆದ, ತೆಳು ಹೊಟ್ಟಿನ ಕಾಫಿ ಬೀಜವನ್ನು, ಕಣದಲ್ಲಿ ಸುಮಾರು 10% ತೇವಕ್ಕೆ ಬರುವವರೆಗೆ ಒಣಗಿಸುತ್ತೀರಿ. ಅಷ್ಟು ಕಷ್ಟಪಟ್ಟು ಒಣಗಿಸಿದ್ದನ್ನು ಪೆಟ್ರೋಲ್ ಕ್ಯಾನಿನ ಪಕ್ಕ, ಔಷಧಿ ಬಾಟಲಿಯ ಕೆಳಗೆ ಇಟ್ಟರೆ ಕಪ್ ರುಚಿ ನೋಡುವವರಿಗೆ ಅದು ಗೊತ್ತಾಗಿಯೇ ಆಗುತ್ತದೆ. ಯೂರಿಯಾ ಗಾಳಿಯ ತೇವ ಹೀರಿ ಗಟ್ಟಿಯಾಗುತ್ತದೆ. ಗೊಬ್ಬರದ ಉಪ್ಪು ಶೀಟನ್ನು, ಸ್ಕ್ರೂವನ್ನು, ಕಬ್ಬಿಣದ ಕಂಬದ ಬುಡವನ್ನು ತಿನ್ನುತ್ತದೆ. ಮೈಲುತುತ್ತ ಅಂತೂ ಕಬ್ಬಿಣ, ತಗಡು ಯಾವುದನ್ನೂ ಬಿಡುವುದಿಲ್ಲ. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಕಲೆಸುವುದಕ್ಕೆ ಪ್ಲಾಸ್ಟಿಕ್ ಡ್ರಮ್ಮೇ ಯಾಕೆ ಅಂದರೆ ಇದಕ್ಕೇ. ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, 100 ಲೀಟರ್ ನೀರು, 1% ದ್ರಾವಣ. ಇದನ್ನು ಕಲೆಸುವ ಜಾಗ ಶೆಡ್ಡಿನ ಹೊರಗೆ, ಮಾಡಿನ ಕೆಳಗೆ, ನೀರಿನ ನಲ್ಲಿಯ ಹತ್ತಿರ ಇರಲಿ.

ಹಾಗಾಗಿ ದೊಡ್ಡದೊಂದು ಹಾಲ್ ಕಟ್ಟಿಸುವ ಬದಲು ಅದೇ ಅಳತೆಯಲ್ಲಿ ಎರಡು ಕೋಣೆ, ಎರಡು ಬಾಗಿಲು ಮಾಡಿಸಿ. ನಡುವೆ ಮಾಡಿನವರೆಗೂ ಗೋಡೆ ಇರಲಿ. ಒಂದರಲ್ಲಿ ಫಸಲು, ಇನ್ನೊಂದರಲ್ಲಿ ಗೊಬ್ಬರ ಮತ್ತು ಮಷಿನ್. ಕೀಟನಾಶಕಕ್ಕೆ ಬೀಗ ಹಾಕುವ ಕಪಾಟು ಬೇರೆಯೇ ಬೇಕು, ಮಕ್ಕಳ ಕೈಗೆ ಸಿಗದ ಎತ್ತರದಲ್ಲಿ. ಪೈಪುಗಳದ್ದು ಬೇರೆ ಲೆಕ್ಕ. ಒಂದೊಂದು ಪೈಪು ಸುಮಾರು 20 ಅಡಿ. 12 ಅಡಿ ಶೆಡ್ ಕಟ್ಟಿಸಿ ಆಮೇಲೆ ಪೈಪು ಎಲ್ಲಿಡೋದು ಅಂತ ತಲೆ ಕೆಡಿಸಿಕೊಳ್ಳುವವರು ಜಾಸ್ತಿ. ಉದ್ದದ ಗೋಡೆಯ ಹೊರಗೆ, ಮಾಡಿನ ಕೆಳಗೆ ಕಬ್ಬಿಣದ ಬ್ರಾಕೆಟ್ ಹೊಡೆಸಿ ಅಲ್ಲಿ ಜೋಡಿಸಿದರೆ ಒಳಗಿನ ಜಾಗ ಉಳಿಯುತ್ತದೆ. ಅದಕ್ಕೆ ಆ ಒಂದು ಗೋಡೆ 20 ಅಡಿ ಇರಬೇಕು, ಅಷ್ಟೆ.

ಹೆಂಚು

ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್‌ನವರು 1865ರಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದರು. ಅಲ್ಲಿಂದ ಘಾಟಿ ಹತ್ತಿ ಬಂದ ಹೆಂಚು ನಮ್ಮ ಮಲೆನಾಡಿನ ಮಾಡುಗಳ ಮೇಲೆ ಕೂತದ್ದು ಇವತ್ತಿಗೂ ಇಳಿದಿಲ್ಲ. ಅದಕ್ಕೆ ಕಾರಣ ಇದೆ. ಹೆಂಚಿನ ಸಂದಿನಲ್ಲಿ ಗಾಳಿ ಆಡುತ್ತದೆ. ಮಧ್ಯಾಹ್ನ ಒಳಗೆ ತಂಪು. ಮಳೆ ಸುರಿಯುವಾಗ ಒಳಗೆ ಕೂತು ಮಾತಾಡಬಹುದು. ಎಲ್ಲಕ್ಕಿಂತ ಮುಖ್ಯ, ಚಳಿಗಾಲದ ಬೆಳಿಗ್ಗೆ ಹೆಂಚಿನ ಒಳಮೈ ಬೆವರುವುದಿಲ್ಲ. ಕಾಫಿ, ಮೆಣಸು, ಏಲಕ್ಕಿ ಇಡುವ ಕೋಣೆಗೆ ನನ್ನ ಮತ ಹೆಂಚಿಗೇ.

ಕಷ್ಟಗಳೂ ಇವೆ. ಮೊದಲನೆಯದು ಭಾರ. ಒಂದು ಚದರ ಮೀಟರಿಗೆ ಸುಮಾರು 15 ಹೆಂಚು ಬೇಕು. 10×12 ಅಡಿಯ ಶೆಡ್ಡಿಗೆ ಸುತ್ತ ಮಾಡು ಹೊರಗೆ ಚಾಚಿ, ಇಳಿಜಾರೂ ಸೇರಿಸಿದರೆ 400 ಹೆಂಚಿನ ಹತ್ತಿರ ಹೋಗುತ್ತದೆ. ಒಂದೊಂದೂ ಎರಡು ಕೆಜಿಗಿಂತ ಜಾಸ್ತಿ. ಅಲ್ಲಿಗೆ 800 ಕೆಜಿ ದಾಟಿತು. ಅದೇ ಮಾಡಿಗೆ ಶೀಟು ಹಾಕಿದರೆ ನೂರು ಕೆಜಿಯ ಆಸುಪಾಸು. ಈ ಭಾರ ಹೊರಲು ಗಟ್ಟಿ ಮರ ಇಲ್ಲವೇ ಕಬ್ಬಿಣದ ಚೌಕಟ್ಟು ಬೇಕು. ತೋಟದ್ದೇ ಸಿಲ್ವರ್ ಓಕ್ ಕೊಯ್ಸಿ ಪಕಾಸಿ, ರೀಪು (ಹೆಂಚು ಹೊರುವ ತೊಲೆ, ಪಟ್ಟಿ) ಮಾಡಿಸುವವರು ಮೊದಲು ಚೆನ್ನಾಗಿ ಒಣಗಿಸಿ, ಗೆದ್ದಲಿಗೆ ಎಣ್ಣೆ ಹೊಡೆಸಬೇಕು. ಹಸಿ ಮರ ಹಾಕಿದರೆ ವರ್ಷದೊಳಗೆ ತಿರುಚಿ ಹೆಂಚಿನ ಸಾಲೇ ಎದ್ದು ನಿಲ್ಲುತ್ತದೆ. ಕಾಡುಮರದ ಮೇಲೆ ಕಣ್ಣಿದ್ದರೆ ಮೊದಲು ಅರಣ್ಯ ಇಲಾಖೆಯ ಅನುಮತಿ.

ಎರಡನೆಯದು ಮಂಗ. ಕಪಿಯಾಗಲಿ ಮುಸುವವಾಗಲಿ, ಗುಂಪು ಮಾಡಿನ ಮೇಲೆ ಒಂದು ಸಲ ಹಾದುಹೋದರೆ ನಾಲ್ಕೈದು ಹೆಂಚು ಒಡೆದವು ಅಂತಲೇ ಲೆಕ್ಕ. ಕಾಡಿನ ಅಂಚಿನಲ್ಲಿ ಶೆಡ್ ಇದ್ದರೆ ಪ್ರತಿ ಮೇ ತಿಂಗಳು ಏಣಿ ಹತ್ತಿ ಹೆಂಚು ಕೈಯಾಡಿಸುವ ಕೆಲಸ ತಪ್ಪದು. ಈಗ ಹೆಂಚು ಕೈಯಾಡಿಸಲು ಬರುವ ಕೆಲಸದವರೇ ಅಪರೂಪ. ಇದನ್ನು ಯೋಚಿಸದೆ ಸುಮ್ನೆ ಚೆಂದಕ್ಕೆ ಅಂತ ಹೆಂಚು ಹಾಕಿಸಬೇಡಿ.

ಖರ್ಚು ಕಡಿಮೆ ಮಾಡುವ ದಾರಿ ಒಂದಿದೆ. ಹಳೇ ಮನೆಗಳನ್ನು ಕೆಡವಿ ಆರ್‌ಸಿಸಿ ಕಟ್ಟುವವರು ಹೆಂಚನ್ನು ಕಡಿಮೆ ಬೆಲೆಗೆ ಕೊಡುತ್ತಾರೆ. ಹಳೇ ಹೆಂಚು ತರುವಾಗ ಒಂದೊಂದನ್ನೂ ಬೆರಳ ಗೆಣ್ಣಿನಿಂದ ಕುಟ್ಟಿ ನೋಡಿ. ಟಣ್ ಅಂದರೆ ಗಟ್ಟಿ. ಬದ್ ಅಂದರೆ ಬಿರುಕು ಇದೆ, ಪಕ್ಕಕ್ಕಿಡಿ. ಎಲ್ಲ ಒಂದೇ ಕಾರ್ಖಾನೆಯ ಮುದ್ರೆ ಇರುವುದನ್ನೇ ಆರಿಸಿ. ಬೇರೆ ಬೇರೆ ಅಚ್ಚಿನವು ಒಂದಕ್ಕೊಂದು ಕೂರುವುದಿಲ್ಲ, ಸೋರುವುದು ಅಲ್ಲೇ.

ಶೀಟು

ಇವತ್ತು ಹತ್ತರಲ್ಲಿ ಒಂಬತ್ತು ಜನ ಕೇಳುವುದು ಬಣ್ಣದ ಶೀಟನ್ನೇ. ಬೇಗ ಮುಗಿಯುತ್ತದೆ, ಚೌಕಟ್ಟು ಹಗುರ, ಮಂಗನ ಕಾಟವಿಲ್ಲ. ಮಷಿನ್, ಗೊಬ್ಬರ, ಪಂಪು, ಸೌದೆಗೆ ಇದು ಸಾಕು, ಬೇಕಾದಷ್ಟಾಯಿತು. ಬಯಲುಸೀಮೆಯಲ್ಲಿ ಹೆಚ್ಚೂಕಮ್ಮಿ ಎಲ್ಲದಕ್ಕೂ ಸಾಕು.

ಮಲೆನಾಡಿನಲ್ಲಿ ಮಾತ್ರ ಶೀಟಿನ ಒಳಮೈಯನ್ನು ಒಂದು ಸಲ ಹತ್ತಿರದಿಂದ ನೋಡಬೇಕು. ಡಿಸೆಂಬರ್ ಬೆಳಿಗ್ಗೆ ಆರು ಗಂಟೆಗೆ, ಹೊರಗೆ ಇಬ್ಬನಿ ಇಳಿಯುವಾಗ ಬಾಗಿಲು ತೆಗೆಯಿರಿ. ಶೀಟಿನ ಕೆಳಗೆ ಸಾಲಾಗಿ ನೀರಿನ ಮಣಿ ಕಟ್ಟಿರುತ್ತದೆ. ಒಂದೊಂದೇ ಜಾರಿ ಅಡ್ಡಪಟ್ಟಿಗೆ ಬಂದು, ಅಲ್ಲಿಂದ ಟಪ್ ಅಂತ ಕೆಳಗೆ ಬೀಳುತ್ತದೆ. ದಿನಾ ಅದೇ ಜಾಗಕ್ಕೆ. ಕೆಳಗಿನ ಗೋಣಿಯ ಮೇಲೆ ರೂಪಾಯಿಯಷ್ಟಗಲದ ಕಪ್ಪು ಮಚ್ಚೆ. ಆ ಮಚ್ಚೆಯ ಕೆಳಗೆ ಕೈಹಾಕಿ ಒಂದು ಹಿಡಿ ಪಾರ್ಚ್‌ಮೆಂಟ್ ತೆಗೆದರೆ ಬೂಸಲಿನ ವಾಸನೆ. ಮಳೆ ಸೋರಿದ್ದಲ್ಲ ಇದು, ಒಳಗಿನ ಗಾಳಿಯ ತೇವವೇ ತಣ್ಣನೆ ತಗಡಿಗೆ ತಾಗಿ ನೀರಾದದ್ದು. ಹಾಗಾಗಿ ಫಸಲಿನ ಕೋಣೆಗೆ ಶೀಟೇ ಹಾಕಬೇಕು ಅಂತಾದರೆ ಕೆಳಗೆ ಮರದ ಹಲಗೆಯದ್ದೋ ಬಿದಿರಿನದ್ದೋ ಒಂದು ಮುಚ್ಚಿಗೆ ಹಾಕಿಸಿ, ಇಲ್ಲವೇ ಶೀಟಿನಡಿ ಫೋಮ್ ಹಾಳೆ ಹಾಕಿಸಿ. ಗೋಡೆಯ ಮೇಲ್ಭಾಗದಲ್ಲಿ ಎದುರುಬದುರು ಜಾಲರಿ ಕಿಟಕಿ ಬಿಡಿಸಿ, ಗಾಳಿ ಅಡ್ಡ ಹಾಯಲಿ. ಮೂಟೆಗಳನ್ನು ನೆಲಕ್ಕೆ ತಾಗಿಸದೆ ಮರದ ಅಟ್ಟಣೆಯ ಮೇಲೆ, ಗೋಡೆಯಿಂದ ಒಂದಡಿ ಬಿಟ್ಟು ಜೋಡಿಸಿ.

ಶೀಟಿನ ದಪ್ಪದಲ್ಲಿ ಜಿಪುಣತನ ಬೇಡ. 0.35 ಮಿ.ಮೀ. ಶೀಟು ಅಗ್ಗ, ಆದರೆ ಮೇಲಿಂದ ಒಂದು ಓಕ್ ಕೊಂಬೆ ಬಿದ್ದರೆ ತೂತು. ಮಲೆನಾಡಿಗೆ 0.45 ಅಥವಾ 0.50 ತಗೊಳ್ಳಿ. ಸ್ಕ್ರೂ ಹೊಡೆಯುವವನು ಅಲೆಯ ಏರಿನ ಮೇಲೆ ಹೊಡೆಯುತ್ತಾನೋ ತಗ್ಗಿನಲ್ಲೋ ಅಂತ ನಿಂತು ನೋಡಿ. ನೀರು ಹರಿಯುವುದು ತಗ್ಗಿನಲ್ಲಿ, ಅಲ್ಲಿ ತೂತು ಮಾಡಿದರೆ ಒಂದಲ್ಲ ಒಂದು ದಿನ ಸೋರುತ್ತದೆ. ರಬ್ಬರ್ ವಾಷರ್ ಒಳ್ಳೆಯದಿರಲಿ. ಶೀಟಿಗಿಂತ ಮುಂಚೆ ಸಾಯುವುದು ವಾಷರ್. ಮಾಡಿನ ನಡುವೆ ಒಂದೇ ಒಂದು ಬೆಳಕಿನ ಶೀಟು ಹಾಕಿಸಿದರೆ ಹಗಲು ಹೊತ್ತು ಲೈಟು ಬೇಡ. ಎರಡು ಹಾಕಿಸಿದರೆ ಸೆಕೆ ಜಾಸ್ತಿ.

ಗೊಬ್ಬರದ ಕೋಣೆಗೆ ಗೋಡೆಯೂ ತಗಡಿನದ್ದೇ ಮಾಡಿಸುವವರಿದ್ದಾರೆ. ಬೇಡ. ಕೆಳಗಿನ ಮೂರಡಿಯಾದರೂ ಸಿಮೆಂಟ್ ಬ್ಲಾಕ್ ಅಥವಾ ಕಲ್ಲಿನ ಗೋಡೆ ಇರಲಿ, ತಗಡು ಅದರ ಮೇಲೆ ಶುರುವಾಗಲಿ. ಮೂಟೆ ತಾಗುವುದು, ನೆಲದ ತೇವ ಏರುವುದು, ಇಲಿ ಕೊರೆಯುವುದು ಎಲ್ಲವೂ ಆ ಮೂರಡಿಯಲ್ಲೇ.

ಸಿಮೆಂಟ್ ಶೀಟು

ಬೂದು ಬಣ್ಣದ ಆಸ್ಬೆಸ್ಟಾಸ್ ಸಿಮೆಂಟ್ ಶೀಟು ನಮ್ಮಲ್ಲಿ ಇನ್ನೂ ಮಾರಾಟಕ್ಕಿದೆ. ಬಿಸಿಲಿಗೆ ತಗಡಿನಷ್ಟು ಕಾಯುವುದಿಲ್ಲ, ಮಳೆ ಸದ್ದೂ ಕಡಿಮೆ. ಆದರೂ ಹೊಸದಾಗಿ ಹಾಕಿಸಬೇಡಿ ಅಂತಲೇ ಹೇಳುತ್ತೇನೆ. ಆಸ್ಬೆಸ್ಟಾಸ್ ನಾರಿನ ಧೂಳು ಶ್ವಾಸಕೋಶದ ಕ್ಯಾನ್ಸರಿಗೆ ಕಾರಣ. ಕತ್ತರಿಸುವವನು, ತೂತು ಕೊರೆಯುವವನು ಅದನ್ನು ನೇರ ಉಸಿರಿಗೆ ತಗೊಳ್ಳುತ್ತಾನೆ. ಬ್ರಿಟನ್‌ನಲ್ಲಿ ಇದನ್ನು 1999ರಲ್ಲೇ ನಿಷೇಧಿಸಿದರು. ಅಲ್ಲಿ ಹಳೇ ಗಾರ್ಡನ್ ಶೆಡ್ಡುಗಳ ಮೇಲೆ ಈ ಶೀಟು ಇದ್ದರೆ ತೆಗೆಯುವುದಕ್ಕೂ ಬೇರೆ ಕ್ರಮವೇ ಇದೆ.

ನಮ್ಮ ಮಳೆಯಲ್ಲಿ ಇನ್ನೊಂದು ಅಪಾಯ ಸೇರುತ್ತದೆ. ಎರಡು ವರ್ಷಕ್ಕೆ ಶೀಟಿನ ಮೇಲೆ ಹಾವಸೆ ಕಟ್ಟುತ್ತದೆ. ಕಸ ಗುಡಿಸಲು ಹತ್ತಿದವರು ಜಾರುತ್ತಾರೆ, ಇಲ್ಲವೇ ಶೀಟು ಮುರಿದು ಕೆಳಗೆ ಬೀಳುತ್ತಾರೆ. ಹಳೆಯದು ಇದ್ದರೆ ಅದರ ಮೇಲೆ ಕಾಲಿಡದೆ, ಅಡ್ಡ ಹಲಗೆ ಹಾಕಿಕೊಂಡು ಓಡಾಡಿ. ಕೊರೆಯಬೇಡಿ, ಉಜ್ಜಬೇಡಿ. ಆಸ್ಬೆಸ್ಟಾಸ್ ಇಲ್ಲದ ಫೈಬರ್ ಸಿಮೆಂಟ್ ಶೀಟುಗಳೂ ಸಿಗುತ್ತವೆ. ಇಂಥ ಶೀಟೇ ಬೇಕೆನ್ನುವವರು ಅಂಗಡಿಯಲ್ಲಿ ಕೇಳಿ, ಬಿಲ್ಲಿನಲ್ಲಿ ಬರೆಸಿಕೊಂಡು ತನ್ನಿ.

ಸೋಗೆ, ಗರಿ, ಚಪ್ಪರ

ಅಡಿಕೆ ಸೋಗೆ ಹೊದಿಸಿದ ಮಾಡು ತಂಪಿನಲ್ಲಿ ಎಲ್ಲವನ್ನೂ ಮೀರಿಸುತ್ತದೆ. ವರ್ಷಾ ವರ್ಷಾ ಹೊಸದಾಗಿ ಹೊದಿಸಬೇಕು, ಬೆಂಕಿಯ ಭಯ ಇದೆ, ಇಲಿ ಹಾವು ಸೇರುತ್ತವೆ. ಹಾಗಾಗಿ ಬೀಗ ಹಾಕುವ ಸಾಮಾನಿಗೆ ಇದು ಸಲ್ಲದು. ಆದರೆ ನರ್ಸರಿಯ ನೆರಳಿಗೆ, ಕರು ಕಟ್ಟುವುದಕ್ಕೆ, ಕೊಯ್ಲಿನ ಮೂರು ತಿಂಗಳ ಚಪ್ಪರಕ್ಕೆ ಇದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಕಡೆ ಅಡಿಕೆ ಸುಲಿಗೆ ನಡೆಯುತ್ತಿದ್ದದ್ದೇ ಇಂಥ ಚಪ್ಪರದ ಕೆಳಗೆ. ಮೆಟ್ಟುಗತ್ತಿ ಮುಂದಿಟ್ಟುಕೊಂಡು ರಾತ್ರಿ ಹನ್ನೊಂದರವರೆಗೂ ಸಾಲಾಗಿ ಕೂತು ಸುಲಿಯುತ್ತಿದ್ದರು. ಊರಿನ ಸುದ್ದಿ, ಯಕ್ಷಗಾನದ ಪದ, ಮದುವೆ ಮಾತುಕತೆ ಎಲ್ಲ ಅಲ್ಲೇ. ಈಗ ಸುಲಿಯುವ ಯಂತ್ರ ಬಂದಿದೆ. ಯಂತ್ರಕ್ಕೆ ಸಿಮೆಂಟ್ ನೆಲ, ಕರೆಂಟು, ಗಟ್ಟಿ ಮಾಡು ಬೇಕು, ಚಪ್ಪರ ಸಾಲದು. ಅಡಿಕೆ ಬೇಯಿಸುವ ಒಲೆಯ ಮೇಲೆ ಮಾತ್ರ ಶೀಟು ಹಾಕಿಸುವಾಗ ಎತ್ತರ ಜಾಸ್ತಿ ಇರಲಿ, ಮೂರು ಕಡೆ ತೆರೆದಿರಲಿ. ಹಂಡೆಯ ಹಬೆಗೆ ತಗ್ಗಿನ ಶೀಟು ಬೇಗ ತುಕ್ಕು ಹಿಡಿಯುತ್ತದೆ.

ಕಲ್ಲುಕಂಬ

ಅರಸೀಕೆರೆ, ಕಡೂರು, ಚನ್ನರಾಯಪಟ್ಟಣದವರು ಕಬ್ಬಿಣದ ಕಂಬಕ್ಕೆ ದುಡ್ಡು ಸುರಿಯುವುದು ಕಂಡರೆ ನನಗೆ ಬೇಸರವಾಗುತ್ತದೆ. ಬಯಲುಸೀಮೆಯ ಕೊಟ್ಟಿಗೆ, ಹಿಪ್ಪುನೇರಳೆ ತೋಟದ ಬೇಲಿ, ದ್ರಾಕ್ಷಿ ಚಪ್ಪರ ಎಲ್ಲ ನಿಂತಿರುವುದು ಸೀಳಿದ ಕಲ್ಲುಕಂಬದ ಮೇಲೆ. ಗೆದ್ದಲು ಮುಟ್ಟುವುದಿಲ್ಲ, ತುಕ್ಕು ಇಲ್ಲ, ಹಸು ಉಜ್ಜಿದರೂ ಅಲುಗುವುದಿಲ್ಲ. ಎರಡು ಮೂರಡಿ ಹೂತು, ಮೇಲೆ ಮರದ ತೊಲೆ ಕೂರಿಸಿ, ಅದರ ಮೇಲೆ ಶೀಟು. ಟ್ರ್ಯಾಕ್ಟರ್, ಮೇವು, ಹನಿ ನೀರಾವರಿ ಪೈಪಿಗೆ ಇಷ್ಟು ಸಾಕು.

ಕೊಬ್ಬರಿ ಅಟ್ಟ

ಬಯಲುಸೀಮೆಯ ತೆಂಗಿನ ತೋಟದವರಿಗೆ ಶೆಡ್ ಅಂದರೆ ಮೊದಲು ಅಟ್ಟ. ಉಂಡೆ ಕೊಬ್ಬರಿ ಆಗಬೇಕಾದರೆ ಬಲಿತ ಕಾಯನ್ನು ಸಿಪ್ಪೆ ಸಮೇತ ಎಂಟರಿಂದ ಹನ್ನೆರಡು ತಿಂಗಳು ಅಟ್ಟದ ಮೇಲೆ ಬಿಡಬೇಕು. ಒಳಗಿನ ನೀರು ತಾನಾಗಿ ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಗೊಟಗೊಟ ಸದ್ದು ಬರಬೇಕು. ಅಲ್ಲಿಯವರೆಗೆ ಕಾಯಿಗೆ ಬೇಕಾದದ್ದು ಹದವಾದ ಬಿಸಿ ಮತ್ತು ಕೆಳಗಿನಿಂದ ಬರುವ ಗಾಳಿ.

ಹಾಗಾಗಿ ಇಲ್ಲಿ ಆಯ್ಕೆ ಮಾಡಬೇಕಾದದ್ದು ಮಾಡಿಗಿಂತ ಅಟ್ಟದ ನೆಲವನ್ನು. ಆರ್‌ಸಿಸಿ ಹಾಕಿಸಿದರೆ ಗಟ್ಟಿ, ಆದರೆ ಕೆಳಗಿನಿಂದ ಗಾಳಿ ಇಲ್ಲ, ಅಡಿಯ ಸಾಲಿನ ಕಾಯಿ ಕೊಳೆಯುತ್ತದೆ. ಹಿಂದಿನವರು ಬಿದಿರು, ಅಡಿಕೆ ದಬ್ಬೆ, ತೆಂಗಿನ ಮರದ ಪಟ್ಟಿಗಳನ್ನು ಎರಡು ಬೆರಳು ಸಂದು ಬಿಟ್ಟು ಜೋಡಿಸುತ್ತಿದ್ದರು. ಕೆಳಗೆ ದನ ಕಟ್ಟುತ್ತಿದ್ದರು. ದನದ ಮೈಬಿಸಿ, ಸಂಜೆ ಸೊಳ್ಳೆಗೆ ಹಾಕಿದ ಹೊಗೆ ಎರಡೂ ಮೇಲೆ ಹೋಗುತ್ತಿದ್ದವು. ಈಗ ಕಬ್ಬಿಣದ ಆಂಗಲ್ ಚೌಕಟ್ಟಿನ ಮೇಲೆ ಜಾಲರಿ ಹಾಕಿಸಿ ಅದೇ ಕೆಲಸ ಮಾಡಿಸಬಹುದು. ಇಲ್ಲಿ ಮೇಲೆ ತಗಡಿನ ಶೀಟು ಇದ್ದರೆ ಒಳ್ಳೆಯದೇ, ಬಿಸಿ ಬೇಕಲ್ವಾ. ಸಾವಿರಾರು ಕಾಯಿಯ ಭಾರ ಮಾತ್ರ ಮೊದಲೇ ಲೆಕ್ಕ ಹಾಕಿಸಿ. ಸಿಪ್ಪೆ ಸಮೇತ ಒಂದು ಕಾಯಿ ಒಂದು ಕೆಜಿ ಅಂತ ಹಿಡಿದರೂ ಐದು ಸಾವಿರ ಕಾಯಿ ಅಂದರೆ ಐದು ಟನ್. ಇದನ್ನು ವೆಲ್ಡಿಂಗ್ ಅಂಗಡಿಯವನ ಅಂದಾಜಿಗೆ ಬಿಡಬೇಡಿ, ಒಬ್ಬ ಇಂಜಿನಿಯರಿಗೆ ತೋರಿಸಿ.

ಆಲೂಗಡ್ಡೆ ಹಾಕುವ ಹಾಸನದ ರೈತರಿಗೆ ಒಂದು ಮಾತು. ಬಿತ್ತನೆ ಗಡ್ಡೆಯನ್ನು ಮೂಟೆಯಲ್ಲೇ ಶೆಡ್ಡಿನ ಕತ್ತಲಲ್ಲಿ ಇಟ್ಟರೆ ಮೊಳಕೆ ಉದ್ದುದ್ದ ಬಿಳಿಯಾಗಿ ಬರುತ್ತದೆ. ನೇರ ಬಿಸಿಲು ತಾಗದ, ಬೆಳಕು ಬರುವ ಕಡೆ ತೆಳುವಾಗಿ ಹರಡಿ. ತಿನ್ನುವ ಗಡ್ಡೆಗೆ ಕತ್ತಲೇ ಬೇಕು, ಬೆಳಕು ತಾಗಿದರೆ ಹಸಿರಾಗಿ ವಿಷ ಸೇರುತ್ತದೆ. ಎರಡಕ್ಕೂ ಒಂದೇ ಮೂಲೆ ಆಗದು.

ಕಂಟೇನರ್ ಮತ್ತು ಮರದ ರೆಡಿಮೇಡ್ ಶೆಡ್

ಲಾರಿಯಲ್ಲಿ ಬಂದು ಕ್ರೇನಿನಿಂದ ಇಳಿಯುವ ಕಂಟೇನರ್ ಕೋಣೆಗಳನ್ನು ಈಗ ತೋಟಗಳಲ್ಲೂ ಇಡುತ್ತಿದ್ದಾರೆ. ಬೀಗದ ಭದ್ರತೆ ಚೆನ್ನಾಗಿದೆ, ಇಲಿ ನುಗ್ಗುವುದಿಲ್ಲ. ಆದರೆ ನಮ್ಮ ತೋಟದ ರಸ್ತೆಯ ತಿರುವಿನಲ್ಲಿ ಆ ಲಾರಿ ತಿರುಗುತ್ತದಾ ಅಂತ ಮೊದಲು ಟೇಪು ಹಿಡಿದು ನೋಡಿ. ಮೇಲೆ ಪ್ರತ್ಯೇಕ ಮಾಡು ಹಾಕದಿದ್ದರೆ ಬೇಸಿಗೆಯಲ್ಲಿ ಒಳಗೆ ನಿಲ್ಲುವ ಹಾಗಿಲ್ಲ, ಚಳಿಯಲ್ಲಿ ಒಳಗೆಲ್ಲ ಬೆವರು. ಇದು ಸರಿಹೊಂದುವುದು ಗುತ್ತಿಗೆ ಜಮೀನಿಗೆ. ಶುಂಠಿಗೆ ಅಂತ ಜಮೀನು ಹಿಡಿದವರು ಗಡುವು ಮುಗಿದ ಮೇಲೆ ಎತ್ತಿಕೊಂಡು ಹೋಗಬಹುದು.

ಇಂಗ್ಲೆಂಡಿನ ಮನೆಗಳ ಹಿತ್ತಲಲ್ಲಿ ಇರುತ್ತದಲ್ಲ, ಆರು ಎಂಟು ಅಡಿಯ ಪುಟ್ಟ ಮರದ ಶೆಡ್, ಅದರ ಚಿತ್ರ ನೋಡಿ ಆಸೆಪಡುವವರು ಈಗ ಜಾಸ್ತಿಯಾಗಿದ್ದಾರೆ. ಚೆಂದವೇ. ಅಲ್ಲಿ ಅದು ಹುಲ್ಲು ಕತ್ತರಿಸುವ ಮಷಿನ್ ಇಡುವ ಜಾಗ, ಕುಂಡದಲ್ಲಿ ಬೀಜ ಹಾಕುವ ಜಾಗ, ಯಜಮಾನ ಒಬ್ಬನೇ ಕೂತು ರೇಡಿಯೋ ಕೇಳುವ ಜಾಗ. ಪೈನ್ ಮರದ ಹಲಗೆ, ಮೇಲೆ ಡಾಂಬರು ಹಚ್ಚಿದ ಹಾಳೆ, ಅವರ ಹವೆಗೆ ಅದು ಸರಿ. ನಮ್ಮ ಗೆದ್ದಲಿಗೆ ಆ ಮರ ಹಬ್ಬದೂಟ. ಅಂಥ ರೂಪವೇ ಬೇಕೆಂದರೆ ಸೈಜುಗಲ್ಲಿನ ಎರಡಡಿ ಅಡಿಪಾಯದ ಮೇಲೆ, ಎಣ್ಣೆ ಕುಡಿಸಿದ ಹಳೇ ತೇಗದ ಹಲಗೆಯಲ್ಲಿ ಮಾಡಿಸಿ, ಮೇಲೆ ಹೆಂಚು ಹಾಕಿ. ಖರ್ಚು ಜಾಸ್ತಿ, ಬಾಳಿಕೆಯೂ ಜಾಸ್ತಿ. ಹಾಸನ, ಚಿಕ್ಕಮಗಳೂರು ಪಟ್ಟಣದೊಳಗೆ 30×40 ಸೈಟಿನಲ್ಲಿ ಮನೆ ಇರುವವರಿಗೆ ಶೆಡ್ ಬೇಡವೇ ಬೇಡ. ಮೆಟ್ಟಿಲ ಕೆಳಗಿನ ಜಾಗಕ್ಕೆ ಒಂದು ಬಾಗಿಲು ಸಾಕು.

ಜನ ಕೂರುವ ಜಾಗ

ಶೆಡ್ಡಿನ ಲೆಕ್ಕದಲ್ಲಿ ಹೆಚ್ಚಿನವರು ಬಿಟ್ಟುಬಿಡುವುದು ಇದನ್ನು. ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದೂ ಇದೇ.

ಬೆಳಿಗ್ಗೆ ಕೆಲಸದವರು ಬಂದು ನಿಲ್ಲುವುದು ಶೆಡ್ಡಿನ ಮುಂದೆ. ರೈಟರ್ ಹೆಸರು ಬರೆದುಕೊಳ್ಳುವುದು, ಕತ್ತಿ ಕುಕ್ಕೆ ಹಂಚುವುದು ಅಲ್ಲೇ. ಸಂಜೆ ಹಣ್ಣು ಅಳೆದು ತೂಗುವುದೂ ಅಲ್ಲೇ. ಪುಷ್ಯ, ಆಶ್ಲೇಷ ಮಳೆ ಹಿಡಿದಾಗ ಮಧ್ಯಾಹ್ನದ ಬುತ್ತಿ ಬಿಚ್ಚುವುದಕ್ಕೆ ಇನ್ನೆಲ್ಲಿಗೆ ಹೋಗಬೇಕು ಅವರು? ಒದ್ದೆ ಕಂಬಳಿ ಕೊಪ್ಪೆ, ಪ್ಲಾಸ್ಟಿಕ್ ಕೋಟು ನೇತುಹಾಕಲು ಗೂಟ ಬೇಕು. ಮಗು ಕರಕೊಂಡು ಬಂದ ತಾಯಿ ಸೀರೆಯ ತೊಟ್ಟಿಲು ಕಟ್ಟುವುದು ಶೆಡ್ಡಿನ ತೊಲೆಗೆ. ಆ ತೊಲೆಯ ಪಕ್ಕದಲ್ಲೇ ಔಷಧಿ ಡಬ್ಬ ಇದ್ದರೆ ಹೇಗಿರುತ್ತದೆ ಯೋಚಿಸಿ. ಅದಕ್ಕೇ ಮೇಲೆ ಎರಡು ಕೋಣೆ ಅಂದದ್ದು. ಸಾಧ್ಯ ಆದರೆ ಮೂರನೆಯದಾಗಿ ಎಂಟಡಿ ಅಗಲದ ಒಂದು ಜಗಲಿ ಸೇರಿಸಿ. ಗೋಡೆ ಬೇಡ, ಮೂರಡಿ ಕಟ್ಟೆ ಸಾಕು, ಮೇಲೆ ಮಾಡು. ಒಂದು ಮೂಲೆಯಲ್ಲಿ ಟೀ ಕಾಯಿಸಲು ಒಲೆ. ಹೆಣ್ಣುಮಕ್ಕಳು ಒದ್ದೆ ಬಟ್ಟೆ ಬದಲಿಸಲು ಬಾಗಿಲಿರುವ ಸಣ್ಣ ಕೋಣೆ, ಪಕ್ಕದಲ್ಲಿ ಶೌಚಾಲಯ. ತೋಟದ ಕೆಲಸಕ್ಕೆ ಜನ ಸಿಗುವುದಿಲ್ಲ ಅಂತ ಎಲ್ಲರೂ ಗೋಳಾಡುತ್ತೇವೆ. ಮಳೆಯಲ್ಲಿ ನೆನೆಯದೆ ಕೂರುವ ಜಾಗ ಎಷ್ಟು ತೋಟದಲ್ಲಿದೆ?

ನವರಾತ್ರಿಯ ಆಯುಧಪೂಜೆಯ ದಿನ ಇದೇ ಶೆಡ್ಡಿನ ಬೇರೆ ರೂಪ ನೋಡಬಹುದು. ಹಿಂದಿನ ದಿನ ಎಲ್ಲ ಹೊರಗೆ ಹಾಕಿ ಗುಡಿಸುತ್ತಾರೆ. ಕತ್ತಿಗಳಿಗೆ ಸಾಣೆ. ಹಾರೆ ಗುದ್ದಲಿ ತೊಳೆದು ಗೋಡೆಗೆ ಒರಗಿಸಿ ಅರಿಶಿನ ಕುಂಕುಮ. ಹುಲ್ಲಿನ ಮಷಿನ್ನಿನ ಪೆಟ್ರೋಲ್ ಟ್ಯಾಂಕಿಗೂ ಮೂರು ಬೆರಳಿನ ಗಂಧ, ಪಂಪಿನ ಸ್ಟಾರ್ಟರ್ ಬಾಕ್ಸಿಗೂ ಸೇವಂತಿಗೆ. ಬಾಗಿಲಲ್ಲಿ ಬೂದುಗುಂಬಳ ಒಡೆದು, ಎಲ್ಲರಿಗೂ ಕಡಲೆಪುರಿ ಹಂಚುತ್ತಾರೆ. ಯಾವ ಹಾರೆಯ ಹಿಡಿ ಸಡಿಲ, ಯಾವ ಮೂಲೆಗೆ ಗೆದ್ದಲು ಬಂದಿದೆ ಎಂದು ಗೊತ್ತಾಗುವುದೂ ಆ ದಿನವೇ.

ಆಸ್ಟ್ರೇಲಿಯಾದಲ್ಲಿ 1990ರ ದಶಕದಲ್ಲಿ ‘ಮೆನ್ಸ್ ಶೆಡ್’ ಅಂತ ಶುರುವಾಯಿತು. ಕೆಲಸದಿಂದ ನಿವೃತ್ತರಾದ ಗಂಡಸರು ಒಂಟಿಯಾಗಿ ಕೊರಗುವುದನ್ನು ತಪ್ಪಿಸಲು ಊರಿಗೊಂದು ಶೆಡ್. ಅಲ್ಲಿ ಸೇರಿ ಮರಗೆಲಸ, ರಿಪೇರಿ ಮಾಡುತ್ತಾ ಮಾತಾಡುತ್ತಾರೆ. ಅದು ಬೇರೆ ದೇಶಗಳಿಗೂ ಹಬ್ಬಿತು. ನಮ್ಮಲ್ಲಿ ಮಕ್ಕಳು ಬೆಂಗಳೂರು ಸೇರಿ, ಅಪ್ಪ ಒಬ್ಬರೇ ತೋಟದಲ್ಲಿ ಉಳಿದ ಮನೆಗಳು ಎಷ್ಟಿವೆ! ಜಗಲಿಯಲ್ಲಿ ಒಂದು ಬೆಂಚು, ಒಂದು ಕೆಲಸದ ಮೇಜು, ಒಳ್ಳೆ ಬೆಳಕು ಇದ್ದರೆ ಸಂಜೆ ಅಕ್ಕಪಕ್ಕದವರು ಬಂದು ಕೂರುತ್ತಾರೆ. ಇದಕ್ಕೆ ಆಗುವ ಖರ್ಚು ನಾಲ್ಕೈದು ಶೀಟಿನದ್ದು.

ಎಲ್ಲಿ ಕಟ್ಟಿಸಬೇಕು

ನಮ್ಮ ಮುಂಗಾರು ಬರುವುದು ನೈರುತ್ಯದಿಂದ. ಬಾಗಿಲು ಪೂರ್ವಕ್ಕೋ ಉತ್ತರಕ್ಕೋ ಇರಲಿ. ಪಶ್ಚಿಮದ ಮಾಡು ಗೋಡೆಯಿಂದ ಮೂರಡಿಯಾದರೂ ಹೊರಗೆ ಚಾಚಲಿ, ಇಲ್ಲದಿದ್ದರೆ ಎರಚಲಿಗೆ ಗೋಡೆ ಸದಾ ಒದ್ದೆ. ನೆಲ ಸುತ್ತಲಿಗಿಂತ ಎರಡಡಿ ಎತ್ತರ. ಗುಡ್ಡ ಕಡಿದು ಸಮ ಮಾಡಿದ ಜಾಗದಲ್ಲಿ ಕಟ್ಟಿಸಬೇಡಿ. 2019ರ ಆಗಸ್ಟ್ ಮಳೆಗೆ ಮೂಡಿಗೆರೆ ಕಡೆ ಗುಡ್ಡ ಜರಿದದ್ದು ಯಾರೂ ಮರೆತಿಲ್ಲ. ಇಳಿಜಾರಿನಲ್ಲೇ ಬೇಕಾದರೆ ಮಣ್ಣು ಕಡಿಯುವ ಬದಲು ಕೆಳಬದಿಗೆ ಕಂಬ ಎತ್ತರಿಸಿ ಕಟ್ಟಿಸಿ, ಮೇಲ್ಬದಿಗೆ ಚರಂಡಿ ತೆಗೆಸಿ. ದೊಡ್ಡ ಮರದ ಕೆಳಗಂತೂ ಬೇಡ. ಸೌದೆ ರಾಶಿ ಗೋಡೆಗೆ ತಾಗದಿರಲಿ, ಕೊಳಕುಮಂಡಲಕ್ಕೆ ಅದು ಇಷ್ಟದ ಜಾಗ. ಬಾಗಿಲ ಕೆಳಗಿನ ಸಂದಿಗೆ ತಗಡಿನ ಪಟ್ಟಿ ಹೊಡೆಸಿ. ಇಲಿ ನಿಂತರೆ ಹಾವೂ ನಿಲ್ಲುತ್ತದೆ.

ಸಕಲೇಶಪುರ, ಆಲೂರು, ಬೇಲೂರು ಕಡೆಯವರಿಗೆ ಇನ್ನೊಂದು ಲೆಕ್ಕ, ಆನೆ. ಇಲ್ಲಿ ಗೋಡೆ ಎಷ್ಟು ದಪ್ಪ ಅನ್ನುವುದು ಮುಖ್ಯವಾಗುವುದಿಲ್ಲ. ಭತ್ತ, ಬಾಳೆಗೊನೆ, ಹಲಸಿನಹಣ್ಣು, ಉಪ್ಪು ಒಳಗಿದ್ದರೆ ವಾಸನೆ ಹಿಡಿದು ಬರುತ್ತದೆ, ಸಿಮೆಂಟ್ ಗೋಡೆಯನ್ನೂ ತಳ್ಳುತ್ತದೆ. ಮನೆಯಿಂದ ದೂರದ ಶೆಡ್ಡಿನಲ್ಲಿ ಬರೀ ಮಷಿನ್, ಪೈಪು, ಉಪಕರಣ ಇರಲಿ. ತಿನ್ನುವ ಯಾವುದೂ ಬೇಡ, ಹಿಂಡಿ ಮೂಟೆ ಕೂಡ. ಅಂಥ ಕಡೆ ದುಬಾರಿ ಹೆಂಚಿನ ಶೆಡ್ಡಿಗಿಂತ ಬಿಚ್ಚಿ ಜೋಡಿಸಬಹುದಾದ ನಟ್ಟು ಬೋಲ್ಟಿನ ಚೌಕಟ್ಟು, ಅದರ ಮೇಲೆ ಶೀಟು ವಾಸಿ. ಬಿದ್ದರೂ ಮತ್ತೆ ನಿಲ್ಲಿಸಬಹುದು. ರಾತ್ರಿ ಅಲ್ಲಿ ಯಾರನ್ನೂ ಮಲಗಿಸಬೇಡಿ.

ಕಾಗದಪತ್ರದ ಬಗ್ಗೆ ಕೇಳುವವರಿಗೆ: ಸ್ವಂತ ಬೇಸಾಯಕ್ಕೆ ಬೇಕಾದ ಶೆಡ್, ಕೊಟ್ಟಿಗೆ, ತೋಟದ ಮನೆಯನ್ನು ಕೃಷಿ ಜಮೀನಿನಲ್ಲಿ ಕಟ್ಟಿಕೊಳ್ಳಲು 1964ರ ಭೂಕಂದಾಯ ಕಾಯ್ದೆಯಲ್ಲೇ ಅವಕಾಶ ಇದೆ, ಮಿತಿಯೂ ಇದೆ. ಅದನ್ನೇ ಹೋಂಸ್ಟೇ ಮಾಡುತ್ತೇವೆ ಅಂದರೆ ನಿಯಮ ಬೇರೆ. ಆ ಆಲೋಚನೆ ಇದ್ದವರು ಕಟ್ಟುವ ಮುಂಚೆ ತಾಲ್ಲೂಕು ಕಚೇರಿಯಲ್ಲಿ, ಗ್ರಾಮ ಪಂಚಾಯಿತಿಯಲ್ಲಿ ವಿಚಾರಿಸಿ.

ನಾಲ್ಕೈದು ಎಕರೆ ಕಾಫಿ, ಮೆಣಸು ಇರುವ ಮಲೆನಾಡಿನ ತೋಟಕ್ಕೆ ನನ್ನನ್ನು ಕೇಳಿದರೆ ಹೀಗೆ ಹೇಳುತ್ತೇನೆ. ಸೈಜುಗಲ್ಲಿನ ಅಡಿಪಾಯ, ಬ್ಲಾಕ್ ಗೋಡೆ, 20 ಅಡಿ ಉದ್ದ. ಫಸಲಿನ ಕೋಣೆಗೂ ಜಗಲಿಗೂ ಹಳೇ ಹೆಂಚು. ಗೊಬ್ಬರ, ಮಷಿನ್ನಿನ ಕೋಣೆ ಪಕ್ಕಕ್ಕೆ ಇಳಿಮಾಡಾಗಿ, 0.50 ಶೀಟಿನಲ್ಲಿ. ದುಡ್ಡು ಸಾಲದಿದ್ದರೆ ಈ ವರ್ಷ ಶೀಟಿನ ಭಾಗ ಮತ್ತು ಜಗಲಿ ಮಾಡಿಸಿ, ಫಸಲಿನ ಕೋಣೆ ಮುಂದಿನ ವರ್ಷಕ್ಕಿರಲಿ, ಅಲ್ಲಿಯವರೆಗೆ ಮೂಟೆ ಮನೆಯ ಅಟ್ಟದಲ್ಲೇ ಇರಲಿ. ಮೇಸ್ತ್ರಿಗೆ ಫೆಬ್ರವರಿಯಲ್ಲೇ ಮುಂಗಡ ಕೊಟ್ಟು ಕಾಫಿ ಹೂ ಅರಳಿಸುವ ಮಾರ್ಚ್‌ನ ಹೂಮಳೆಗೆ ಮುಂಚೆ ಗೋಡೆ ಏಳಿಸಿ. ಏಪ್ರಿಲ್ ಗುಡುಗು ಮಳೆ ಶುರುವಾಗುವ ಹೊತ್ತಿಗೆ ಮಾಡು ಮೇಲಿರಬೇಕು. ಎಲ್ಲಿ ಸೋರುತ್ತದೆ ಅಂತ ಆ ಮಳೆಯಲ್ಲೇ ಗೊತ್ತಾಗುತ್ತದೆ, ಜೂನ್‌ಗೆ ಮುಂಚೆ ಸರಿ ಮಾಡಿಸಲು ಮೇಸ್ತ್ರಿಯೂ ಕೈಗೆ ಸಿಗುತ್ತಾನೆ.